ಒಂದರಲ್ಲಿ ವೀರ, ಇನ್ನೊಂದರಲ್ಲಿ ಮೂರ್ಖ: ಸ್ಕಾಟ್ ಬಗ್ಗೆ ಮಗಳಿಗೆ ಯಾವ ಪುಸ್ತಕ ಓದಿಸಲಿ?

ಪ್ರಶ್ನೆ: ನಮಸ್ಕಾರ. ನಾವು ಸಾಗರದ ಹತ್ತಿರದ ಹಳ್ಳಿಯವರು. ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಶಾಲೆಯ ಕಪಾಟಿನಲ್ಲಿ ಸಿಕ್ಕ ಸಣ್ಣ ಪುಸ್ತಕವೊಂದನ್ನು ಓದಿದಾಗಿನಿಂದ ಅಂಟಾರ್ಕ್ಟಿಕಾದ ಹುಚ್ಚು ಹಿಡಿದಿದೆ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟುವ ಪೈಪೋಟಿಯಲ್ಲಿ ಸೋತು, ಹಿಂದಿರುಗುವಾಗ ಸಂಗಡಿಗರೊಂದಿಗೆ ಸತ್ತ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ಅದರಲ್ಲಿ ಮಹಾವೀರ. ನಾರ್ವೆಯ ಅಮುಂಡ್ಸೆನ್ ಗುಟ್ಟಾಗಿ ಬಂದು ಮೋಸದಿಂದ ಗೆದ್ದವನು. ಅವಳ ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟ ಇಂಗ್ಲಿಷ್ ಪುಸ್ತಕದಲ್ಲಿ ಸ್ಕಾಟ್‌ಗೆ ಏನೂ ಗೊತ್ತಿರಲಿಲ್ಲ, ತನ್ನವರನ್ನು ತಾನೇ ಸಾವಿಗೆ ದೂಡಿದ ಎಂಬ ಧಾಟಿ. ಕೊನೆಯ ಗುಡಾರದಿಂದ ಆಹಾರದ ದಾಸ್ತಾನಿಗೆ ಒಂದರಲ್ಲಿ 18 ಕಿ.ಮೀ., ಇನ್ನೊಂದರಲ್ಲಿ 20. "ಎರಡರಲ್ಲೊಂದು ಸುಳ್ಳು ತಾನೇ ಅಮ್ಮಾ?" ಅಂತ ಕೇಳುತ್ತಾಳೆ. ಮುಂದಿನ ತಿಂಗಳು ಶಾಲೆಯಲ್ಲಿ ಇದರ ಮೇಲೇ ಮಾತಾಡಬೇಕಂತೆ. ಮೂಲ ಪುಸ್ತಕಗಳನ್ನೇ ಓದಿಸಬಹುದೇ? ನಾಯಿಗಳನ್ನು ಕೊಂದು ತಿನ್ನುವ, ಜನ ಹಸಿದು ಸಾಯುವ ಭಾಗ ಈ ವಯಸ್ಸಿಗೆ ಸರಿಯೇ? ಖರ್ಚು ಎಷ್ಟಾದೀತು?

ಉತ್ತರ: ನಿಮ್ಮ ಮಗಳಿಗೆ ಮೊದಲು ಹೇಳಬೇಕಾದದ್ದು, ಎರಡೂ ಪುಸ್ತಕಗಳಲ್ಲಿ ಕಟ್ಟುಕಥೆ ಇರಲಿಕ್ಕಿಲ್ಲ. ಒಂದೇ ಘಟನೆಯನ್ನು ಬೇರೆ ಬೇರೆ ಕಾಲದವರು, ಬೇರೆ ಬೇರೆ ಕಾಗದಪತ್ರ ಕೈಯಲ್ಲಿ ಹಿಡಿದು, ಬೇರೆ ಬೇರೆ ಉದ್ದೇಶಕ್ಕೆ ಬರೆದಿದ್ದಾರೆ. ಅಂಟಾರ್ಕ್ಟಿಕಾದ ಸಾಹಸ ಪುಸ್ತಕ ಓದುವವರು ಕಥೆಗೆ ಕೈ ಹಾಕುವ ಮುಂಚೆ ಇದನ್ನು ಬರೆದವರು ಯಾರು, ಯಾವ ವರ್ಷ, ಆಗ ಅವರಿಗೆ ಏನು ಗೊತ್ತಿತ್ತು ಎಂದು ನೋಡಿಕೊಳ್ಳಬೇಕು. ಹಾಗೆ ನೋಡಿದರೆ 18 ಮತ್ತು 20ರ ಜಗಳ ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಸ್ಕಾಟ್ ತನ್ನ ದಿನಚರಿಯಲ್ಲಿ ಬರೆದದ್ದು 11 ಮೈಲಿ. ಧ್ರುವಯಾತ್ರಿಗಳು ಸಾಮಾನ್ಯವಾಗಿ ಲೆಕ್ಕ ಇಡುತ್ತಿದ್ದದ್ದು ಭೌಗೋಳಿಕ ಮೈಲಿಯಲ್ಲಿ. ಅಂದರೆ ಅಕ್ಷಾಂಶದ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ, ಸುಮಾರು 1.85 ಕಿ.ಮೀ. ರಸ್ತೆಯ ಮೈಲಿ 1.6 ಕಿ.ಮೀ. ಹನ್ನೊಂದನ್ನು ರಸ್ತೆ ಮೈಲಿ ಎಂದುಕೊಂಡ ಲೇಖಕರಿಗೆ 18 ಸಿಕ್ಕಿತು, ಭೌಗೋಳಿಕ ಮೈಲಿ ಎಂದು ಸರಿಯಾಗಿ ಹಿಡಿದವರಿಗೆ 20. ಇನ್ನೊಬ್ಬ ಬ್ರಿಟಿಷ್ ಧ್ರುವಯಾತ್ರಿ ಶ್ಯಾಕಲ್ಟನ್ 1909ರಲ್ಲಿ ಧ್ರುವಕ್ಕೆ 97 ಮೈಲಿ ಇರುವಾಗ ಹಿಂದಿರುಗಿದ ಎಂದು ಒಂದು ಕಡೆ, 112 ಮೈಲಿ ಎಂದು ಇನ್ನೊಂದು ಕಡೆ ಓದುವುದೂ ಇದೇ ಕಾರಣಕ್ಕೆ. ಎರಡೂ ಸುಮಾರು 180 ಕಿ.ಮೀ. ಚಳಿಯ ಲೆಕ್ಕದಲ್ಲೂ ಹೀಗೊಂದು ಗೊಂದಲವಿದೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ "ಇಷ್ಟು ಡಿಗ್ರಿ ಫ್ರಾಸ್ಟ್" ಎಂದು ಬರುತ್ತದೆ. ಅದು ಫ್ಯಾರನ್‌ಹೀಟ್‌ನಲ್ಲಿ ನೀರು ಹೆಪ್ಪುಗಟ್ಟುವ 32ರಿಂದ ಕೆಳಗೆ ಎಷ್ಟು ಎಂಬ ಎಣಿಕೆ. 72 ಡಿಗ್ರಿ ಫ್ರಾಸ್ಟ್ ಎಂದರೆ 32ರಿಂದ 72 ಕಳೆದು ಮೈನಸ್ 40 ಫ್ಯಾರನ್‌ಹೀಟ್. ಆ ಒಂದು ಅಂಕಿಯಲ್ಲಿ ಮಾತ್ರ ಸೆಲ್ಸಿಯಸ್ಸೂ ಮೈನಸ್ 40 ಆಗುವುದರಿಂದ ಮಕ್ಕಳಿಗೆ ನೆನಪಿಡಲು ಸುಲಭ.

ತಾರೀಖೂ ಹೀಗೆಯೇ. ಅಮುಂಡ್ಸೆನ್ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್ 14. ಅವನ ದಿನಚರಿಯಲ್ಲಿ ಇರುವುದು 15, ಏಕೆಂದರೆ ಹಡಗು ಪೂರ್ವದಿಕ್ಕಿಗೆ ಸಾಗಿ ತಾರೀಖು ರೇಖೆ ದಾಟಿದ್ದರೂ ಅವರು ದಿನ ಬದಲಿಸಿಕೊಂಡಿರಲಿಲ್ಲ. ಇಂಥ ವ್ಯತ್ಯಾಸ ಕಂಡ ಕೂಡಲೇ ಪುಸ್ತಕ ಸುಳ್ಳು ಎಂದು ಪಕ್ಕಕ್ಕಿಡಬಾರದು.

ಮೋಸ, ಮೂರ್ಖತನ ಎಂಬ ಮಾತುಗಳು ಎಲ್ಲಿಂದ ಬಂದವು

ಅಮುಂಡ್ಸೆನ್ ಗುಟ್ಟು ಮಾಡಿದ್ದು ನಿಜ. ಅವನು ಉತ್ತರ ಧ್ರುವದ ಕಡೆಗೆ ಹೋಗುತ್ತೇನೆಂದು ಹೇಳಿ ಫ್ರಾಮ್ ಹಡಗನ್ನು ಪಡೆದಿದ್ದ. 1909ರಲ್ಲಿ ಕುಕ್ ಮತ್ತು ಪಿಯರಿ ಇಬ್ಬರೂ ಉತ್ತರ ಧ್ರುವ ಮುಟ್ಟಿದೆವೆಂದು ಸಾರಿದ ಮೇಲೆ ಆ ಯಾನಕ್ಕೆ ದುಡ್ಡು ಕೊಡುವವರು ಇರುವುದಿಲ್ಲವೆಂದು ಅವನಿಗೆ ತಿಳಿದಿತ್ತು. ದಿಕ್ಕು ಬದಲಿಸಿದ್ದನ್ನು ತನ್ನ ನಾವಿಕರಲ್ಲಿ ಹೆಚ್ಚಿನವರಿಗೆ ಹೇಳಿದ್ದು ಮಡೇರಾ ದ್ವೀಪದಲ್ಲಿ. ಸ್ಕಾಟ್‌ಗೆ ತಂತಿ ತಲುಪಿದ್ದು 1910ರ ಅಕ್ಟೋಬರಿನಲ್ಲಿ, ಮೆಲ್ಬರ್ನ್‌ನಲ್ಲಿ. ಇದನ್ನು ಒರಟುತನ ಎನ್ನಬಹುದು, ಸಾಲ ಕೊಟ್ಟವರಿಗೆ ಮಾಡಿದ ವಂಚನೆ ಎನ್ನಲೂಬಹುದು. ಆದರೆ ಧ್ರುವದ ದಾರಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಹಿಮದ ಮೇಲೆ ಅವನು ಗೆದ್ದದ್ದಕ್ಕೂ ಈ ಗುಟ್ಟಿಗೂ ಸಂಬಂಧ ಕಡಿಮೆ.

"ಸ್ಕಾಟ್ ಕರುಣೆಯಿಂದ ಪ್ರಾಣಿಗಳನ್ನು ಕೊಲ್ಲಲಿಲ್ಲ, ಅದಕ್ಕೇ ಸೋತ" ಎಂಬ ಮಾತು ಸರಿಯಲ್ಲ. ಅವನ ಬಳಿ ಮಂಚೂರಿಯಾದ ಗಿಡ್ಡ ಕುದುರೆಗಳು, ಅಂದರೆ ಪೋನಿಗಳಿದ್ದವು, ನಾಯಿಗಳಿದ್ದವು, 3 ಮೋಟಾರು ಸ್ಲೆಡ್ಜ್‌ಗಳಿದ್ದವು. ಧ್ರುವದ ದಾರಿಯಲ್ಲಿ ಪೋನಿಗಳನ್ನು ಒಂದೊಂದಾಗಿ ಗುಂಡಿಕ್ಕಿ ಕೊಂದು ಆ ಮಾಂಸವನ್ನು ಜನರೂ ನಾಯಿಗಳೂ ತಿಂದರು. ವ್ಯತ್ಯಾಸ ಇದ್ದದ್ದು ಲೆಕ್ಕಾಚಾರದಲ್ಲಿ. ಪೋನಿಗೆ ಮೈಯೆಲ್ಲ ಬೆವರು ಬರುತ್ತದೆ, ಆ ಬೆವರು ಚರ್ಮದ ಮೇಲೆಯೇ ಹೆಪ್ಪುಗಟ್ಟುತ್ತದೆ. ಭಾರಕ್ಕೆ ಗೊರಸು ಮೆತ್ತನೆಯ ಹಿಮದಲ್ಲಿ ಹೂತು ಹೋಗುತ್ತದೆ. ಅದರ ಮೇವನ್ನು ಪೂರ್ತಿ ಹೊತ್ತೊಯ್ಯಬೇಕು. ನಾಯಿ ಬಾಯಿಯಿಂದ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ, ಹಗುರ, ಸೀಲ್ ಮಾಂಸ ತಿಂದು ಬದುಕುತ್ತದೆ. ಪೋನಿಗಳಿಗೆ ಚಳಿ ತಾಳದೆಂದು ಸ್ಕಾಟ್ ನವೆಂಬರ್ ತನಕ ಕಾಯಬೇಕಾಯಿತು. ಅಮುಂಡ್ಸೆನ್ ಅಕ್ಟೋಬರ್ ಮೂರನೇ ವಾರದಲ್ಲೇ ಹೊರಟಿದ್ದ. ಹಿಂದಿರುಗುವಾಗ ಸ್ಕಾಟ್ ತಂಡ ಮಾರ್ಚ್ ಚಳಿಗೆ ಸಿಕ್ಕಿಕೊಂಡದ್ದರ ಬೇರು ಇಲ್ಲಿದೆ. ಆದರೆ ಅಮುಂಡ್ಸೆನ್ ತಪ್ಪೇ ಮಾಡಲಿಲ್ಲ ಎಂದೂ ಅಲ್ಲ. ಸೆಪ್ಟೆಂಬರಿನಲ್ಲಿ ಅವಸರಪಟ್ಟು ಒಮ್ಮೆ ಹೊರಟು, ಮೈನಸ್ 50ಕ್ಕೂ ಕೆಳಗಿನ ಚಳಿಯಲ್ಲಿ ಸಂಗಡಿಗರಲ್ಲಿ ಕೆಲವರ ಹಿಮ್ಮಡಿ ಹೆಪ್ಪುಗಟ್ಟಿ, ತಂಡವನ್ನು ಚೆಲ್ಲಾಪಿಲ್ಲಿ ಮಾಡಿಕೊಂಡು ವಾಪಸು ಬಂದಿದ್ದ. ಅವನನ್ನು ಹೊಗಳುವ ಸಣ್ಣ ಪುಸ್ತಕಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ.

ಹಾಗಿದ್ದರೆ ಸ್ಕಾಟ್ ಜೊತೆಗಿದ್ದವರು ಸತ್ತದ್ದೇಕೆ? ಒಂದೇ ಕಾರಣ ಹೇಳುವ ಪುಸ್ತಕವನ್ನು ಅನುಮಾನದಿಂದಲೇ ನೋಡಿ. ಇಲ್ಲಿ ಕಾರಣಗಳು ಒಂದರ ಮೇಲೊಂದು ಬಿದ್ದಿವೆ.

ಹಸಿವು ಎಲ್ಲಕ್ಕಿಂತ ದೊಡ್ಡದು. ಎತ್ತರದ ಪ್ರಸ್ಥಭೂಮಿಯಲ್ಲಿ ಒಬ್ಬನಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 450 ಗ್ರಾಂ ಬಿಸ್ಕತ್ತು, 340 ಗ್ರಾಂ ಪೆಮಿಕನ್ ಅಂದರೆ ಒಣಮಾಂಸದ ಪುಡಿಗೆ ಕೊಬ್ಬು ಕಲಸಿದ ಮುದ್ದೆ, 85 ಗ್ರಾಂ ಸಕ್ಕರೆ, 57 ಗ್ರಾಂ ಬೆಣ್ಣೆ, ಜೊತೆಗೆ ಸ್ವಲ್ಪ ಟೀ, ಕೋಕೋ. ಎಲ್ಲ ಸೇರಿ ಹೆಚ್ಚುಕಡಿಮೆ 4,500 ಕ್ಯಾಲೊರಿ. ಸ್ಲೆಡ್ಜನ್ನು, ಅಂದರೆ ಹಿಮದ ಮೇಲೆ ಜಾರುವ ಬಂಡಿಯನ್ನು, ಹೆಗಲಪಟ್ಟಿ ಕಟ್ಟಿಕೊಂಡು ಮನುಷ್ಯರೇ ಎಳೆಯುವಾಗ ಬೇಕಾಗುವುದು 6,000ಕ್ಕೂ ಹೆಚ್ಚು. ದಿನಾ ಸಾವಿರ, ಸಾವಿರದೈನೂರು ಕೊರತೆ ಎಂದರೆ ಎರಡು ತಿಂಗಳಲ್ಲಿ ಮೈಯೇ ಕರಗುತ್ತದೆ. ಅದರಲ್ಲಿ ಸಿ ಜೀವಸತ್ವವೂ ಇರಲಿಲ್ಲ. ಆಗ ಜೀವಸತ್ವ ಎಂಬುದು ವೈದ್ಯರಿಗೇ ಗೊತ್ತಿರಲಿಲ್ಲ. ಆ ಕೊರತೆಯ ರೋಗವಾದ ಸ್ಕರ್ವಿ ಕೆಟ್ಟ ಮಾಂಸದಿಂದ ಬರುತ್ತದೆಂಬ ನಂಬಿಕೆ ಇನ್ನೂ ಬಲವಾಗಿತ್ತು. ಸಿ ಜೀವಸತ್ವವನ್ನು ಗುರುತಿಸಿದ್ದು 1930ರ ಸುಮಾರಿಗೆ. ಅಮುಂಡ್ಸೆನ್ ತಂಡದವರು ಚಳಿಗಾಲವೆಲ್ಲ ಅರೆಬೆಂದ ಸೀಲ್ ಮಾಂಸ ತಿಂದಿದ್ದರಿಂದ ಆ ಕೊರತೆ ಅವರನ್ನು ಕಾಡಲಿಲ್ಲ. ಸ್ಕಾಟ್‌ನ ಎರಡನೇ ಅಧಿಕಾರಿ ಲೆಫ್ಟಿನೆಂಟ್ ಇವಾನ್ಸ್ ವಾಪಸಾಗುವಾಗ ಸ್ಕರ್ವಿಯಿಂದಲೇ ಸಾಯುವ ಸ್ಥಿತಿ ತಲುಪಿದ್ದ. ಧ್ರುವಕ್ಕೆ ಹೋಗಿ ಸತ್ತ ಇವಾನ್ಸ್ ಬೇರೆ. ಅವನು ಪೆಟಿ ಆಫೀಸರ್ ಎಡ್ಗರ್ ಇವಾನ್ಸ್. ಮಗಳು ಇಬ್ಬರನ್ನೂ ಒಬ್ಬನೆಂದುಕೊಳ್ಳದಂತೆ ಎಚ್ಚರ ಕೊಡಿ, ಬಹಳ ಮಂದಿ ಇಲ್ಲಿ ಎಡವುತ್ತಾರೆ.

ಕೊನೆಯ ಹಂತಕ್ಕೆ ನಾಲ್ವರ ಬದಲು, ತಾನೂ ಸೇರಿ ಐವರ ತಂಡವನ್ನು ಸ್ಕಾಟ್ ಕರೆದೊಯ್ದ. ಆಹಾರದ ಚೀಲಗಳೂ ಗುಡಾರವೂ ನಾಲ್ವರ ಅಳತೆಯವು. ಐವರಿಗೆ ಅಡುಗೆ ಎಂದರೆ ದಿನಕ್ಕೆ ಅರ್ಧ ಗಂಟೆಯಷ್ಟು ಹೆಚ್ಚು ಹೊತ್ತು ಸ್ಟೋವ್ ಉರಿಯಬೇಕು.

ಆ ಸ್ಟೋವ್‌ನ ಸೀಮೆಎಣ್ಣೆಯ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಮಗಳಿಗೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಸಂಗತಿ ಇದು. ದಾಸ್ತಾನುಗಳಲ್ಲಿ ಇಟ್ಟದ್ದು ಗ್ಯಾಲನ್ ಅಳತೆಯ ತಗಡಿನ ಡಬ್ಬಿ. ಬಾಯಿಗೆ ತಿರುಪಿನ ಮುಚ್ಚಳ, ಒಳಗೆ ತೊಗಲಿನ ವಾಷರ್. ಕಡುಚಳಿಯಲ್ಲಿ ತೊಗಲು ಒಣಗಿ ಸೆಡೆತು ಕುಗ್ಗಿತು. ಡಬ್ಬಿಗಳನ್ನು ಕೈಗೆ ಬೇಗ ಸಿಗಲೆಂದು ಹಿಮದ ಗುಡ್ಡೆಯ ಮೇಲ್ಭಾಗದಲ್ಲೇ ಇಡುತ್ತಿದ್ದರು. ಬಿಸಿಲು ತಾಗಿದಾಗ ಎಣ್ಣೆ ಆವಿಯಾಗಿ ಆ ಸಂದಿಯಿಂದ ಹೊರಟುಹೋಯಿತು. ಮಾರ್ಚಿನಲ್ಲಿ ದಾಸ್ತಾನು ತಲುಪಿದಾಗ ಡಬ್ಬಿ ಇತ್ತು, ಎಣ್ಣೆ ಅರ್ಧಂಬರ್ಧ. ಅಲ್ಲಿ ಎಣ್ಣೆ ಇಲ್ಲವೆಂದರೆ ಬಿಸಿ ಊಟ ಮಾತ್ರ ತಪ್ಪುವುದಲ್ಲ, ಕುಡಿಯುವ ನೀರೂ ಇಲ್ಲ. ಸುತ್ತ ಇರುವುದೆಲ್ಲ ಹಿಮ, ಕರಗಿಸದೆ ಕುಡಿಯುವಂತಿಲ್ಲ. ಒದ್ದೆ ಕಾಲುಚೀಲ ಒಣಗುವುದಿಲ್ಲ, ಕಾಲು ಹೆಪ್ಪುಗಟ್ಟುತ್ತದೆ, ನಡಿಗೆ ನಿಧಾನವಾಗುತ್ತದೆ, ಮುಂದಿನ ದಾಸ್ತಾನು ತಲುಪುವ ದಿನ ಇನ್ನೂ ದೂರ ಸರಿಯುತ್ತದೆ. ಅಮುಂಡ್ಸೆನ್ ತನ್ನ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಸೋರಿಕೆಯ ಸಮಸ್ಯೆ ಉತ್ತರದ ಹಿಮಪ್ರದೇಶದಲ್ಲಿ ಅವನಿಗೆ ಮೊದಲೇ ಗೊತ್ತಾಗಿತ್ತು.

ದಾಸ್ತಾನು ಇಟ್ಟ ಜಾಗವೂ ಮುಖ್ಯ. ಒನ್ ಟನ್ ಡಿಪೋ ಎಂಬ ದೊಡ್ಡ ದಾಸ್ತಾನನ್ನು 80 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಡುವ ಯೋಜನೆಯಿತ್ತು. ಪೋನಿಗಳು ಸುಸ್ತಾದವೆಂದು 79 ಡಿಗ್ರಿ 29 ನಿಮಿಷದಲ್ಲೇ ಇಳಿಸಿದರು. ಬಿದ್ದ ಪೋನಿಗಳನ್ನು ಕೊಂದಾದರೂ ಮುಂದೆ ಸಾಗೋಣವೆಂದು ಪೋನಿಗಳ ಹೊಣೆ ಹೊತ್ತಿದ್ದ ಓಟ್ಸ್ ಹೇಳಿದ್ದ, ಸ್ಕಾಟ್ ಒಪ್ಪಲಿಲ್ಲ. ಆ ವ್ಯತ್ಯಾಸ 31 ಭೌಗೋಳಿಕ ಮೈಲಿ, 57 ಕಿ.ಮೀ. ಅದು 80ರಲ್ಲೇ ಇದ್ದಿದ್ದರೆ ಕೊನೆಯ ಗುಡಾರ ಹಾಕುವ ಮೊದಲೇ ಅವರಿಗೆ ಸಿಕ್ಕಿರುತ್ತಿತ್ತು. ನಾಯಿಬಂಡಿಗಳು ದಕ್ಷಿಣಕ್ಕೆ ಬಂದು ತಮ್ಮನ್ನು ಎದುರುಗೊಳ್ಳಲಿ ಎಂದು 1911ರ ಅಕ್ಟೋಬರಿನಲ್ಲಿ ಸ್ಕಾಟ್ ಬರೆದಿಟ್ಟ ಆದೇಶವೂ ಸರಿಯಾಗಿ ನಡೆಯಲಿಲ್ಲ.

ಇನ್ನು ಹವಾಮಾನ. ಅಮೆರಿಕದ ವಾತಾವರಣ ವಿಜ್ಞಾನಿ ಸೂಸನ್ ಸಾಲಮನ್ 2001ರಲ್ಲಿ ಬರೆದ 'ದಿ ಕೋಲ್ಡೆಸ್ಟ್ ಮಾರ್ಚ್' ಪುಸ್ತಕದಲ್ಲಿ, ಅದೇ ದಾರಿಯಲ್ಲಿ ಈಚೆಗೆ ನಿಲ್ಲಿಸಿದ ಸ್ವಯಂಚಾಲಿತ ಹವಾಮಾನ ಯಂತ್ರಗಳ ದಾಖಲೆಯನ್ನು ಸ್ಕಾಟ್ ತಂಡದ ಉಷ್ಣಮಾಪಕದ ಅಂಕಿಗಳ ಪಕ್ಕ ಇಟ್ಟು ನೋಡಿದರು. 1912ರ ಮಾರ್ಚ್ ಸಾಮಾನ್ಯ ವರ್ಷಕ್ಕಿಂತ ತುಂಬಾ ತಣ್ಣಗಿತ್ತು. ಇದರ ಪರಿಣಾಮ ಮೈಗಿಂತ ಮೊದಲು ಸ್ಲೆಡ್ಜ್‌ಗೆ ತಟ್ಟುತ್ತದೆ. ಸ್ಲೆಡ್ಜ್ ಜಾರಬೇಕಾದರೆ ಅದರ ಪಟ್ಟಿಯ ಉಜ್ಜಾಟಕ್ಕೆ ಹಿಮದ ಮೇಲ್ಪದರ ಕೂದಲೆಳೆಯಷ್ಟಾದರೂ ಕರಗಬೇಕು. ಮೈನಸ್ 30, 40ರಲ್ಲಿ ಅದು ಕರಗುವುದಿಲ್ಲ, ಹಿಮ ಒಣಮರಳಿನಂತೆ ಹಿಡಿದುಕೊಳ್ಳುತ್ತದೆ. ಸ್ಕಾಟ್ ದಿನಚರಿಯಲ್ಲೂ ಅದೇ ದೂರು.

ಮಗಳ ಎರಡೂ ಪುಸ್ತಕ ಈ ಕಾರಣಗಳಲ್ಲಿ ಕೆಲವನ್ನು ಆರಿಸಿಕೊಂಡಿವೆ. ವೀರ ಎನ್ನುವ ಪುಸ್ತಕ ಚಳಿಯನ್ನೂ ದುರದೃಷ್ಟವನ್ನೂ ಹಿಡಿಯುತ್ತದೆ; ಮೂರ್ಖ ಎನ್ನುವ ಪುಸ್ತಕ ಐದನೆಯವನನ್ನೂ ಪೋನಿಯನ್ನೂ ಹಿಡಿಯುತ್ತದೆ. ನನ್ನ ತೀರ್ಪು ಕೇಳಿದರೆ, ಸ್ಕಾಟ್‌ನ ಯೋಜನೆಯಲ್ಲಿ ಏರುಪೇರಿಗೆ ಜಾಗವೇ ಇರಲಿಲ್ಲ, ಅಮುಂಡ್ಸೆನ್‌ನದರಲ್ಲಿ ಧಾರಾಳವಾಗಿ ಇತ್ತು. ಧೈರ್ಯ ಇಬ್ಬರಲ್ಲೂ ಇತ್ತು.

ಪುಸ್ತಕಗಳು ಹುಟ್ಟಿದ ಬಗೆ

ಸ್ಕಾಟ್‌ನ ದಿನಚರಿ ಸಿಕ್ಕಿದ್ದು 1912ರ ನವೆಂಬರ್ 12ರಂದು, ಗುಡಾರದಲ್ಲಿ ಶವಗಳ ಜೊತೆ. ಪೆನ್ಸಿಲಿನಲ್ಲಿ ಬರೆದ ಸಣ್ಣ ನೋಟುಪುಸ್ತಕಗಳು. 1913ರಲ್ಲಿ ಅಚ್ಚಾದಾಗ ಸಂಗಡಿಗರ ಬಗ್ಗೆ ಇದ್ದ ಕೆಲವು ಖಾರವಾದ ಮಾತುಗಳನ್ನು ತೆಗೆದರು, ಕೆಲವನ್ನು ಮೆದುಗೊಳಿಸಿದರು. ಸತ್ತವರ ಮನೆಯವರು ಬದುಕಿದ್ದಾರೆ, ಇಡೀ ದೇಶ ಶೋಕದಲ್ಲಿದೆ. ಆಗ ಹಾಗೆ ಮಾಡಿದ್ದು ಅರ್ಥವಾಗುತ್ತದೆ. ಆದರೆ ಹಲವು ದಶಕ ಮಕ್ಕಳಿಗೆ ಬರೆದವರೆಲ್ಲ ಈ ತಿದ್ದಿದ ಪಾಠವನ್ನೇ ಹಿಡಿದರು. ಈಗ ಕೈಬರಹದೊಂದಿಗೆ ಹೋಲಿಸಿ ಬದಲಾವಣೆಗಳನ್ನು ಗುರುತಿಸಿದ ಆವೃತ್ತಿಗಳಿವೆ.

ಸ್ಕಾಟ್ ಯಾನದಲ್ಲೇ ಇದ್ದ ಚೆರಿ-ಗರಾರ್ಡ್ 1922ರಲ್ಲಿ ಬರೆದ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' ಸಾಹಿತ್ಯವಾಗಿ ಇವೆಲ್ಲಕ್ಕಿಂತ ಮೇಲು. ಇದನ್ನು ಓದುವವರಿಗೆ ಒಂದು ಸಂಗತಿ ಗೊತ್ತಿರಬೇಕು: 1912ರ ಮಾರ್ಚ್ 3ರಿಂದ 10ರ ತನಕ ಆತ ನಾಯಿಗಳೊಂದಿಗೆ ಒನ್ ಟನ್ ಡಿಪೋದಲ್ಲೇ ಕಾದಿದ್ದ, ಆಮೇಲೆ ಹಿಂದಿರುಗಿದ. ಸ್ಕಾಟ್ ತಂಡ ಆಗ ದಕ್ಷಿಣದಲ್ಲಿ ಇನ್ನೂ ಜೀವಂತವಿತ್ತು. ಆ ಭಾರ ಹೊತ್ತು ಬರೆದ ಪುಸ್ತಕವೆಂದು ತಿಳಿದು ಓದಿದರೆ ಪ್ರತಿ ಅಧ್ಯಾಯದ ಧ್ವನಿ ಬೇರೆಯೇ ಕೇಳುತ್ತದೆ. ಶೀರ್ಷಿಕೆಯ "ಅತಿ ಕೆಟ್ಟ ಪ್ರಯಾಣ" ಧ್ರುವದ್ದೆಂದು ಬಹಳ ಮಂದಿ ತಿಳಿಯುತ್ತಾರೆ. ಅದು 1911ರ ಚಳಿಗಾಲದ ಕಗ್ಗತ್ತಲಲ್ಲಿ ಸ್ಕಾಟ್ ತಂಡದ ವಿಲ್ಸನ್, ಬವರ್ಸ್ ಮತ್ತು ಅವನು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋದ ಐದು ವಾರದ ಪ್ರಯಾಣ. ಚಳಿ ಮೈನಸ್ 60 ಸೆಲ್ಸಿಯಸ್ ಮುಟ್ಟಿತ್ತು. ಐದು ಮೊಟ್ಟೆ ಎತ್ತಿಕೊಂಡರು, ಎರಡು ಒಡೆದವು, ಮೂರು ಲಂಡನ್ನಿನ ಸಂಗ್ರಹಾಲಯ ಸೇರಿದವು.

1979ರಲ್ಲಿ ರೋಲಂಡ್ ಹಂಟ್‌ಫರ್ಡ್ ಸ್ಕಾಟ್-ಅಮುಂಡ್ಸೆನ್ ಇಬ್ಬರ ಜೋಡಿ ಚರಿತ್ರೆ ಬರೆದು ಕಥೆಯನ್ನು ತಲೆಕೆಳಗು ಮಾಡಿದರು. ನಾರ್ವೆಯ ಮೂಲಗಳನ್ನು ಇಂಗ್ಲಿಷ್ ಓದುಗರ ಮುಂದಿಟ್ಟದ್ದು ಅವರ ದೊಡ್ಡ ಕೊಡುಗೆ. ಸ್ಕಾಟ್ ಬಗ್ಗೆ ಅವರ ಕಟುತ್ವವನ್ನು ನಂತರದ ಲೇಖಕರು ಹಲವು ಕಡೆ ಪ್ರಶ್ನಿಸಿದ್ದಾರೆ. "ಮೂರ್ಖ ಸ್ಕಾಟ್" ಎಂಬ ಚಿತ್ರ ಜನಪ್ರಿಯವಾದದ್ದು ಈ ಪುಸ್ತಕದ ನಂತರ. ಸೋದರಮಾವ ತಂದ ಪುಸ್ತಕ ಅಚ್ಚಾದ ವರ್ಷ ನೋಡಿ. 1979ರ ನಂತರ, 2001ರ ಮೊದಲು ಎಂದಿದ್ದರೆ ಆ ಧಾಟಿ ಎಲ್ಲಿಂದ ಬಂತೆಂದು ಬಹುಮಟ್ಟಿಗೆ ತಿಳಿದಂತೆ.

ಶ್ಯಾಕಲ್ಟನ್ ಕಡೆಗೂ ಮಗಳು ಬೇಗ ಬರುತ್ತಾಳೆ, ಹಾಗಾಗಿ ಎರಡು ಮಾತು. "ಅಪಾಯದ ಪ್ರಯಾಣಕ್ಕೆ ಗಂಡಸರು ಬೇಕಾಗಿದ್ದಾರೆ, ಸಂಬಳ ಕಡಿಮೆ" ಎಂಬ ಪತ್ರಿಕಾ ಜಾಹೀರಾತನ್ನು ಅವನ ಹೆಸರಲ್ಲಿ ಎಲ್ಲೆಡೆ ಹಾಕುತ್ತಾರೆ. ಹುಡುಕಿದವರಿಗೆ ಆ ಕಾಲದ ಯಾವ ಪತ್ರಿಕೆಯಲ್ಲೂ ಅದು ಸಿಕ್ಕಿಲ್ಲ. "ಅವನ ಯಾನದಲ್ಲಿ ಒಬ್ಬರೂ ಸಾಯಲಿಲ್ಲ" ಎಂಬುದು ಎಂಡ್ಯೂರೆನ್ಸ್ ಹಡಗಿನ 28 ಮಂದಿಯ ಮಟ್ಟಿಗೆ ನಿಜ. ಅದೇ ಯಾನದ ಭಾಗವಾಗಿ ಖಂಡದ ಇನ್ನೊಂದು ತುದಿಯಲ್ಲಿ, ಅವನಿಗಾಗಿ ದಾಸ್ತಾನು ಇಡಲು ಹೋದ ರಾಸ್ ಸಮುದ್ರದ ತಂಡದಲ್ಲಿ ಮೂವರು ಸತ್ತರು.

ಏನನ್ನು, ಯಾವ ಕ್ರಮದಲ್ಲಿ

ಮಕ್ಕಳ ಸಂಕ್ಷಿಪ್ತ ಪುಸ್ತಕ ಬೇಡವೆನ್ನುವುದಿಲ್ಲ. ಕಥೆಯ ಎಲುಬು ತಿಳಿಯಲು ಅದು ಸಾಕು. ಅಪಾಯ ಏನೆಂದರೆ ಅಲ್ಲಿ ಕಾರಣಗಳು ಹೋಗಿ ಗುಣವಿಶೇಷಣಗಳು ಮಾತ್ರ ಉಳಿಯುತ್ತವೆ: ಧೀರ, ಹಟಮಾರಿ, ಕುತಂತ್ರಿ. ಈಚಿನ ಇತಿಹಾಸಕಾರರ ದಪ್ಪ ಪುಸ್ತಕಗಳಲ್ಲಿ ಕಾರಣಗಳಿವೆ, ಆದರೆ ಲೇಖಕರ ವಾದವೇ ಮುಂದೆ ನಿಂತು ಮಗುವಿನ ಸ್ವಂತ ತೀರ್ಮಾನಕ್ಕೆ ಎಡೆ ಇಲ್ಲದಂತಾಗುತ್ತದೆ. ಹೀಗಾಗಿ ಒಂಬತ್ತನೇ ತರಗತಿಯ ಹುಡುಗಿಗೆ ನಾನು ಹೇಳುವುದು ಮೂಲಗಳನ್ನೇ, ಆದರೆ ಇಡಿಯಾಗಿ ಅಲ್ಲ, ಆಯ್ದ ಅಧ್ಯಾಯಗಳನ್ನು.

ಮೊದಲು ಶ್ಯಾಕಲ್ಟನ್‌ನ 'ಸೌತ್' (1919) ಪುಸ್ತಕದ ದೋಣಿ ಪ್ರಯಾಣದ ಅಧ್ಯಾಯ, ಅದರ ಮುಂದಿನ ದಕ್ಷಿಣ ಜಾರ್ಜಿಯಾ ದ್ವೀಪ ದಾಟಿದ ಅಧ್ಯಾಯ. 7 ಮೀಟರಿಗೂ ಕಡಿಮೆ ಉದ್ದದ ದೋಣಿಯಲ್ಲಿ 6 ಜನ, 16 ದಿನ, ಸುಮಾರು 1,500 ಕಿ.ಮೀ. ಆಮೇಲೆ ನಕ್ಷೆಯೇ ಇಲ್ಲದ ಬೆಟ್ಟಗಳನ್ನು, ಹಿಮದಲ್ಲಿ ಜಾರದಿರಲೆಂದು ದೋಣಿಯ ಸ್ಕ್ರೂಗಳನ್ನು ಬೂಟಿನ ಅಟ್ಟೆಗೆ ತಿರುಪಿಕೊಂಡು ಮೂವರು ದಾಟಿದ್ದು. ಕಥೆ ತಾನಾಗಿ ಎಳೆದೊಯ್ಯುವುದರಿಂದ ಇಂಗ್ಲಿಷಿನ ಅಳುಕು ಇಲ್ಲಿ ಕಳೆಯುತ್ತದೆ. ನಂತರ ಅಮುಂಡ್ಸೆನ್‌ನ 'ದಿ ಸೌತ್ ಪೋಲ್' (1912): ಇಂಗ್ಲಿಷ್ ಅನುವಾದದ ವಾಕ್ಯಗಳು ಸರಳ, ಸಿದ್ಧತೆಯ ಅಧ್ಯಾಯಗಳು ಚಿನ್ನ. ಸ್ಲೆಡ್ಜ್ ಹೆರೆದು ಹಗುರ ಮಾಡಿದ್ದು, ದಾಸ್ತಾನಿನ ಎರಡೂ ಪಕ್ಕಕ್ಕೆ ಬಾವುಟಗಳ ಸಾಲು ನೆಟ್ಟು ದಾರಿ ತಪ್ಪಿದರೂ ಸಿಗುವಂತೆ ಮಾಡಿದ್ದು ಎಲ್ಲ ಅಲ್ಲಿದೆ. 1903ರಿಂದ 1905ರ ತನಕ ಉತ್ತರ ಕೆನಡಾದ ನೆಟ್ಸಿಲಿಕ್ ಇನುಯಿಟ್ ಜನರ ನಡುವೆ ಇದ್ದು, ಗಾಳಿಯಾಡುವಂತೆ ಸಡಿಲವಾಗಿ ತೊಡುವ ತುಪ್ಪಳದ ಉಡುಪನ್ನೂ ನಾಯಿಬಂಡಿಯನ್ನೂ ಅವರಿಂದ ಅವನು ಕಲಿತಿದ್ದ. ಗೆಲುವಿನ ಒಂದು ಪಾಲು ಆ ಜನರ ತಿಳಿವಳಿಕೆಯದು. ಬಹುತೇಕ ಸಾಹಸ ಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಬೇಸರದ ಸಂಗತಿ. ಮಗಳ ಮಾತಿನಲ್ಲಾದರೂ ಅವರ ಹೆಸರು ಬರಲಿ.

ಮೂರನೆಯದು ಸ್ಕಾಟ್ ದಿನಚರಿಯ 1912ರ ಜನವರಿಯಿಂದ ಕೊನೆಯ ತನಕದ ಪುಟಗಳು. ಚೆರಿ-ಗರಾರ್ಡ್ ಕೊನೆಗೆ. ಅವನ ವಾಕ್ಯಗಳು ಉದ್ದ, ಮಾತಿಗೆ ಎರಡು ಅರ್ಥ. ಪೆಂಗ್ವಿನ್ ಮೊಟ್ಟೆಯ ಅಧ್ಯಾಯವೊಂದನ್ನು ಈಗ ಓದಿ ಉಳಿದದ್ದನ್ನು ಪಿಯುಸಿಗೆ ಇಟ್ಟುಕೊಳ್ಳಲಿ.

ಓದುವಾಗ ಪಕ್ಕದಲ್ಲಿ ಗ್ರಾಫ್ ಹಾಳೆ ಇರಲಿ. ಮೇಲಿನಿಂದ ಕೆಳಕ್ಕೆ 77ರಿಂದ 90 ಡಿಗ್ರಿ ತನಕ ಗೆರೆ ಹಾಕಿ, ಒಂದು ಡಿಗ್ರಿಗೆ ಎರಡು ಸೆಂ.ಮೀ. ಒಂದು ಡಿಗ್ರಿ ಎಂದರೆ 60 ಭೌಗೋಳಿಕ ಮೈಲಿ, 111 ಕಿ.ಮೀ. ದಿನಚರಿಯಲ್ಲಿ ಅಕ್ಷಾಂಶ ಬಂದಾಗಲೆಲ್ಲ ತಾರೀಖಿನ ಜೊತೆ ಚುಕ್ಕೆ ಇಡಲಿ, ಸ್ಕಾಟ್‌ಗೆ ಒಂದು ಬಣ್ಣ, ಅಮುಂಡ್ಸೆನ್‌ಗೆ ಇನ್ನೊಂದು. ಹಿಂದಿರುಗುವ ಹಾದಿಯಲ್ಲಿ ಚುಕ್ಕೆಗಳ ನಡುವಿನ ಅಂತರ ಹೇಗೆ ಕುಗ್ಗುತ್ತದೆಂದು ಅವಳ ಕಣ್ಣಿಗೇ ಕಾಣುತ್ತದೆ. ಪದಗಳಲ್ಲಿ ತೊಡಕಾಗುವವು ಹತ್ತಾರು ಮಾತ್ರ: ಬ್ಯಾರಿಯರ್ ಎಂದರೆ ಸಮುದ್ರದ ಮೇಲೆ ಚಾಚಿದ ಬೃಹತ್ ಹಿಮಹಾಸು, ಈಗ ಅದಕ್ಕೆ ರಾಸ್ ಐಸ್ ಶೆಲ್ಫ್ ಎನ್ನುತ್ತಾರೆ, ಸಾಸ್ಟ್ರುಗಿ ಎಂದರೆ ಗಾಳಿ ಕೊರೆದ ಗಟ್ಟಿ ಹಿಮದ ಏರಿಳಿತ, ಹೂಶ್ ಎಂದರೆ ಪೆಮಿಕನ್ ಮತ್ತು ಬಿಸ್ಕತ್ತು ಕುದಿಸಿದ ಗಂಜಿ, ಕೇರ್ನ್ ಎಂದರೆ ದಾರಿಯ ಗುರುತಿಗೆ ಹಿಮದಲ್ಲಿ ಕಟ್ಟಿದ ಗುಡ್ಡೆ. ಇವನ್ನು ಹಾಳೆಯ ಅಂಚಿಗೆ ಬರೆದುಕೊಂಡರೆ ನಿಘಂಟು ತೆರೆಯುವ ಕೆಲಸ ಅರ್ಧ ಇಳಿಯುತ್ತದೆ.

ನಾಯಿಗಳ ಬಗ್ಗೆ ನಿಮ್ಮ ಅಳುಕು ಸಹಜ. ಅಮುಂಡ್ಸೆನ್ 52 ನಾಯಿಗಳೊಂದಿಗೆ ಹೊರಟು 11ರೊಂದಿಗೆ ವಾಪಸಾದ. ಹಿಮನದಿ ಹತ್ತಿದ ಮೇಲೆ ಒಂದೇ ಜಾಗದಲ್ಲಿ 24 ನಾಯಿಗಳನ್ನು ಕೊಂದರು, ಉಳಿದ ನಾಯಿಗಳೂ ಜನರೂ ಆ ಮಾಂಸ ತಿಂದರು. ಅದು ಮೊದಲೇ ಹಾಕಿದ ಲೆಕ್ಕ. ಇದನ್ನು ಕತ್ತರಿಸಿದ ಪುಸ್ತಕ ಕೊಟ್ಟರೆ ಅವನು ಗೆದ್ದದ್ದು ಹೇಗೆಂದೇ ಅವಳಿಗೆ ತಿಳಿಯುವುದಿಲ್ಲ. ಮುಚ್ಚಿಡಬೇಡಿ, ಆ ಅಧ್ಯಾಯಕ್ಕೆ ಮುಂಚೆ ಏನು ಬರಲಿದೆಯೆಂದು ಹೇಳಿ, ಓದಿದ ಮೇಲೆ ಜೊತೆಗೆ ಕೂತು ಮಾತಾಡಿ. ತುಂಬಾ ಮೆದು ಮನಸ್ಸಿನವಳಾದರೆ ಆ ಕೆಲವು ಪುಟ ನೀವೇ ಓದಿ ಸಾರ ಹೇಳಬಹುದು. ಸ್ಕಾಟ್‌ನ ಕೊನೆಯ ಪುಟಗಳನ್ನು ಮಾತ್ರ ರಾತ್ರಿ ಮಲಗುವ ಹೊತ್ತಿಗೆ, ಒಬ್ಬಳೇ ಓದಲು ಬಿಡಬೇಡಿ. ಓಟ್ಸ್ ಹಿಮಗಾಳಿಗೆ ತಾನಾಗಿ ನಡೆದುಹೋಗುವ ಭಾಗವಿದೆ. ಹದಿಹರೆಯದವರಿಗೆ ಅದು ತ್ಯಾಗದ ಹೊಳಪಿನಲ್ಲಿ ಕಾಣುತ್ತದೆ. ಆಗ ಅವನ ಕಾಲು ಕೊಳೆಯುವ ಹಂತಕ್ಕೆ ಬಂದಿತ್ತು, ಬದುಕುವ ದಾರಿ ಮುಚ್ಚಿತ್ತು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಖರ್ಚಿನ ಮಾತು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಹೋದ ಮರುವರ್ಷದಿಂದ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. 1912ರಲ್ಲಿ ತೀರಿಕೊಂಡ ಸ್ಕಾಟ್, 1922ರ ಶ್ಯಾಕಲ್ಟನ್, 1959ರ ಚೆರಿ-ಗರಾರ್ಡ್ ಎಲ್ಲರದೂ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಇಳಿಸಿಕೊಳ್ಳುವಾಗ ಚಿತ್ರಗಳಿರುವ ಆವೃತ್ತಿಯನ್ನೇ ಆರಿಸಿ. ಬರೀ ಪಠ್ಯದ ಕಡತದಲ್ಲಿ ನಕ್ಷೆ ಇರುವುದಿಲ್ಲ. ಕಾಗದದ ಪುಸ್ತಕವೇ ಬೇಕೆಂದರೆ ಅಂಗಡಿಯ ಅತಿ ಅಗ್ಗದ ಮರುಮುದ್ರಣಗಳ ಬಗ್ಗೆ ಎಚ್ಚರ. ಯಂತ್ರದಿಂದ ಓದಿಸಿ ತಿದ್ದದೆ ಅಚ್ಚು ಹಾಕಿದವುಗಳಲ್ಲಿ ಉಷ್ಣಾಂಶದ ಮುಂದಿನ ಮೈನಸ್ ಗುರುತು ಬಿದ್ದುಹೋಗಿರುತ್ತದೆ, ಡಿಗ್ರಿಯ ಸೊನ್ನೆ ಅಂಕಿಗೆ ಅಂಟಿ 79 ಡಿಗ್ರಿ 790 ಆಗಿರುತ್ತದೆ, ಮಡಚುವ ನಕ್ಷೆ ಇರುವುದೇ ಇಲ್ಲ. ಕೊಳ್ಳುವ ಮುನ್ನ ಅಂಕಿಗಳಿರುವ ಯಾವುದಾದರೂ ಒಂದು ಪುಟ, ಕೊನೆಯ ಪದಸೂಚಿ, ನಕ್ಷೆ ಮೂರನ್ನೂ ನೋಡಿ. ಪದಸೂಚಿ ಇಲ್ಲದ ಆವೃತ್ತಿಯಲ್ಲಿ ಒಂದು ಸಂಗತಿಯನ್ನು ಎರಡನೇ ಸಲ ಹುಡುಕುವುದೇ ದೊಡ್ಡ ಕಷ್ಟ.

ಶಾಲೆಯ ಮಾತಿಗೆ ಇಡೀ ಕಥೆ ಬೇಡ, ಹತ್ತು ನಿಮಿಷಕ್ಕೆ ಹಿಡಿಸುವುದಿಲ್ಲ. ಸೀಮೆಎಣ್ಣೆ ಡಬ್ಬಿಯೊಂದನ್ನೇ ಹಿಡಿದರೂ ಸಾಕು: ಒಂದು ಖಾಲಿ ಡಬ್ಬಿ, ಒಂದು ತೊಗಲಿನ ತುಂಡು, ಗ್ರಾಫ್ ಹಾಳೆ. ಅಥವಾ ನಮ್ಮ ದೇಶದ ಎಳೆಯನ್ನು ಹಿಡಿಯಬಹುದು. ಓಟ್ಸ್ ಮಹೂ ದಂಡುಪ್ರದೇಶದ ಅಶ್ವದಳದಿಂದ ಬಂದವನು; ಬವರ್ಸ್ ರಾಯಲ್ ಇಂಡಿಯನ್ ಮರೀನ್‌ನ ಅಧಿಕಾರಿ. ಭಾರತ ಸರ್ಕಾರ ಸ್ಕಾಟ್ ಯಾನಕ್ಕೆ 7 ಹೇಸರಗತ್ತೆಗಳನ್ನು ಕಳಿಸಿತ್ತು. ಬೇಗಂ, ರಾಣಿ, ಗುಲಾಬ್, ಪ್ಯಾರಿ, ಲಾಲ್ ಖಾನ್, ಖಾನ್ ಸಾಹಿಬ್, ಅಬ್ದುಲ್ಲಾ ಎಂಬ ಹೆಸರುಗಳು. ಗುಡಾರವನ್ನು ಪತ್ತೆ ಮಾಡಿದ ಹುಡುಕಾಟದ ತಂಡ ದಕ್ಷಿಣಕ್ಕೆ ಸಾಗಿದ್ದು ಈ ಹೇಸರಗತ್ತೆಗಳ ಜೊತೆ. ಸ್ಕಾಟ್‌ನ ಸ್ಲೆಡ್ಜ್‌ನಲ್ಲಿ ಅವರಿಗೆ ಸಿಕ್ಕ ಸುಮಾರು 16 ಕಿಲೋ ಕಲ್ಲುಗಳಲ್ಲಿ ಗ್ಲೊಸಾಪ್ಟೆರಿಸ್ ಗಿಡದ ಪಳೆಯುಳಿಕೆ ಇತ್ತು. ಅದೇ ಗಿಡದ ಪಳೆಯುಳಿಕೆ ನಮ್ಮ ಗೊಂಡ್ವಾನ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ. ಎರಡೂ ಭೂಭಾಗ ಒಮ್ಮೆ ಒಂದಾಗಿದ್ದವು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಭೂಗೋಳದ ಮೇಷ್ಟ್ರನ್ನು ಕೇಳಿದರೆ ಈ ಭಾಗಕ್ಕೆ ನಕ್ಷೆ ಬರೆದುಕೊಟ್ಟಾರು.